ಗ್ಯಾಸ್ ಲಾಗ್ ಫೈರ್: ಜೋಡಣೆ, ಆರೈಕೆ, ಎಚ್ಚರ

ಕೊಡಗಿನವರಿಗೆ ಬೆಂಕಿ ಹಾಕುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಜುಲೈ ಮಳೆಯಲ್ಲಿ ಹಸಿ ಸಿಲ್ವರ್ ಓಕ್ ಸೌದೆಯನ್ನೂ ಹೊತ್ತಿಸಿಕೊಂಡು ಬಂದ ಜನ ನಾವು. ಗ್ಯಾಸ್ ಲಾಗ್ ಫೈರ್ ವಿಷಯದಲ್ಲಿ ತೊಂದರೆ ಶುರುವಾಗುವುದೂ ಅಲ್ಲೇ. ಸೌದೆ ಒಲೆಯ ಮುಂದೆ ಕಲಿತ ಅಭ್ಯಾಸಗಳು ಕೈ ಬಿಡುವುದಿಲ್ಲ. ಕೊರಡನ್ನು ಕೆದಕುವುದು, ಉರಿ ಕಡಿಮೆಯಾದರೆ ಆಚೀಚೆ ಸರಿಸುವುದು, ಕೈಗೆ ಸಿಕ್ಕ ಕಾಗದ, ಕಿತ್ತಳೆ ಸಿಪ್ಪೆ ಎಸೆಯುವುದು, ಚಳಿ ಜಾಸ್ತಿ ಅಂತ ಕಿಟಕಿ ಸಂದಿಗೆಲ್ಲ ಬಟ್ಟೆ ತುರುಕುವುದು. ಸೌದೆಗೆ ಇದರಲ್ಲಿ ಕೆಲವಾದರೂ ನಡೆಯುತ್ತವೆ. ಗ್ಯಾಸಿಗೆ ಒಂದೂ ನಡೆಯುವುದಿಲ್ಲ.

ಹೋಂಸ್ಟೇ ಹಾಲ್‌ಗೋ, ಎಸ್ಟೇಟ್ ಬಂಗಲೆಯ ಹಳೇ ಫೈರ್‌ಪ್ಲೇಸ್‌ಗೋ ಇದನ್ನು ಕೂರಿಸಿಕೊಂಡವರಿಗಾಗಿ ಈ ಬರಹ. ನೋಡಲು ಮರದ ಕೊರಡು, ನಿಜದಲ್ಲಿ ಪಾತ್ರೆ ಇಲ್ಲದ ದೊಡ್ಡ ಗ್ಯಾಸ್ ಒಲೆ. ಕೆಳಗೆ ಬರ್ನರ್, ಅದರ ಮೇಲೆ ಒಂದು ಪದರ ಹರಳು, ಕಬ್ಬಿಣದ ಜಾಲರಿ, ಜಾಲರಿ ಮೇಲೆ ಸೆರಾಮಿಕ್ ಅಥವಾ ಸಿಮೆಂಟಿನ ಕೊರಡುಗಳು. ಕೊರಡು ಉರಿಯುವುದಿಲ್ಲ. ಅದು ಬರೀ ವೇಷ. ಆದರೆ ಆ ವೇಷ ಒಂದೆರಡು ಇಂಚು ಆಚೀಚೆ ಆದರೂ ಉರಿ ಕೆಡುತ್ತದೆ, ಮಸಿ ಬರುತ್ತದೆ, ಮಸಿಯ ಜೊತೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ ಬರುತ್ತದೆ. ಆದ್ದರಿಂದ ಜೋಡಣೆ ಅನ್ನುವುದು ಇಲ್ಲಿ ಬರೀ ಅಂದದ ಪ್ರಶ್ನೆ ಅಲ್ಲ.

ಮೊದಲು: ನಿಮ್ಮಲ್ಲಿರುವುದು ಯಾವ ಥರದ್ದು?

ಬರ್ನರ್ ಬದಿಯಲ್ಲೋ ಕಂಟ್ರೋಲ್ ಡಬ್ಬಿಯ ಹತ್ತಿರವೋ ಒಂದು ಲೋಹದ ಪಟ್ಟಿ ಇರುತ್ತದೆ. ಟಾರ್ಚ್ ಹಿಡಿದು ಓದಿ. ಮಾಡೆಲ್ ನಂಬರ್, ಯಾವ ಗ್ಯಾಸಿಗೆ ಮಾಡಿದ್ದು, ಗಂಟೆಗೆ ಎಷ್ಟು ಶಾಖ, ಎಲ್ಲ ಅದರಲ್ಲಿದೆ. ಕೈಪಿಡಿ ಕಳೆದುಹೋಗಿದ್ದರೆ ಈ ನಂಬರ್ ಹಿಡಿದು ಕಂಪನಿಯಿಂದ ತರಿಸಿಕೊಳ್ಳಿ. ಕೈಪಿಡಿ ಇಲ್ಲದೆ ಕೊರಡು ಜೋಡಿಸುವ ಕೆಲಸಕ್ಕೆ ಇಳಿಯಬೇಡಿ.

ನಮ್ಮಲ್ಲಿ ಸಿಗುವುದು ಸಿಲಿಂಡರಿನ ಎಲ್‌ಪಿಜಿ. ಹೊರದೇಶದಿಂದ ತರಿಸಿದ ಸೆಟ್‌ಗಳಲ್ಲಿ ಎಷ್ಟೋ ಪೈಪ್‌ಲೈನಿನ ನ್ಯಾಚುರಲ್ ಗ್ಯಾಸಿಗೆ ಮಾಡಿದವು. ಅವುಗಳ ಜೆಟ್, ಅಂದರೆ ಬರ್ನರ್‌ಗೆ ಗ್ಯಾಸ್ ಬಿಡುವ ಮೂತಿಯ ತೂತು ದೊಡ್ಡದು. ಅದಕ್ಕೆ ಎಲ್‌ಪಿಜಿ ಕೊಟ್ಟರೆ ಬೇಕಾದ್ದಕ್ಕಿಂತ ತುಂಬಾ ಜಾಸ್ತಿ ಗ್ಯಾಸ್ ನುಗ್ಗಿ, ಉರಿ ಮೇಲಕ್ಕೆ ಹಾರಿ, ಕಪ್ಪು ಹೊಗೆ ಬರುತ್ತದೆ. ಜೆಟ್ ಬದಲಾಯಿಸುವುದು ತಿಳಿದ ಮೆಕ್ಯಾನಿಕ್ ಕೆಲಸ, ಮನೆಯಲ್ಲಿ ಡ್ರಿಲ್ ಹಿಡಿದು ಮಾಡುವಂಥದ್ದಲ್ಲ.

ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಮಡಿಕೇರಿ ಸಾವಿರ ಮೀಟರ್‌ಗಿಂತ ಮೇಲಿದೆ. ಕುಶಾಲನಗರ, ವಿರಾಜಪೇಟೆ ಕೂಡ 800 ಮೀಟರ್ ದಾಟುತ್ತವೆ. ಎತ್ತರಕ್ಕೆ ಹೋದಂತೆ ಗಾಳಿ ತೆಳ್ಳಗಾಗುತ್ತದೆ, ಅದೇ ಜೆಟ್‌ನಲ್ಲಿ ಗ್ಯಾಸ್ ಜಾಸ್ತಿ, ಗಾಳಿ ಕಡಿಮೆ ಎಂಬಂತಾಗುತ್ತದೆ. ಸುಮಾರು 600 ಮೀಟರ್ ಮೇಲಿನ ಜಾಗಗಳಿಗೆ ಎಷ್ಟೋ ಕೈಪಿಡಿಗಳಲ್ಲಿ ಬೇರೆಯೇ ಸೂಚನೆ ಇರುತ್ತದೆ. ಬೆಂಗಳೂರಿನಲ್ಲಿ ಕೊಂಡವರು ಇದನ್ನು ಕೇಳಿಯೇ ಇರುವುದಿಲ್ಲ. ಮೆಕ್ಯಾನಿಕ್‌ಗೆ ನಿಮ್ಮ ಊರಿನ ಎತ್ತರ ಹೇಳಿ.

ಇನ್ನು ಮುಖ್ಯ ಪ್ರಶ್ನೆ: ಚಿಮಣಿ ಬೇಕಾದದ್ದೋ, ಚಿಮಣಿ ಇಲ್ಲದೆ ಉರಿಯುವುದೋ? ಚಿಮಣಿ ಬೇಕಾದ ಸೆಟ್‌ನಲ್ಲಿ ಉರಿ ಎತ್ತರ, ಹಳದಿ, ಸೌದೆ ಬೆಂಕಿಗೆ ಹತ್ತಿರ. ಶಾಖದ ಹೆಚ್ಚಿನ ಪಾಲು ಮೇಲೆ ಹೋಗುತ್ತದೆ. ಚಿಮಣಿ ಇಲ್ಲದ್ದು ಬಿಸಿ ಪೂರ್ತಿ ಕೋಣೆಗೇ ಬಿಡುತ್ತದೆ, ಜೊತೆಗೆ ಉಳಿದದ್ದನ್ನೂ ಕೋಣೆಗೇ ಬಿಡುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಚಿಮಣಿ ಇಲ್ಲದ ಸೆಟ್ ಕೊಡಗಿಗೆ ಬೇಡ. ಒಂದು ಕಾರಣ ಎಲ್ಲರೂ ಹೇಳುವ ವಿಷಗಾಳಿ. ಇನ್ನೊಂದನ್ನು ಯಾರೂ ಹೇಳುವುದಿಲ್ಲ: ನೀರು. ಒಂದು ಕಿಲೋ ಎಲ್‌ಪಿಜಿ ಉರಿದರೆ ಸುಮಾರು ಒಂದೂವರೆ ಕಿಲೋಗಿಂತ ಜಾಸ್ತಿ ನೀರಾವಿ ಹುಟ್ಟುತ್ತದೆ. 6 ಕಿಲೋವ್ಯಾಟ್ ಸೆಟ್ ಗಂಟೆಗೆ ಹೆಚ್ಚುಕಡಿಮೆ ಅರ್ಧ ಕಿಲೋ ಗ್ಯಾಸ್ ಕುಡಿಯುತ್ತದೆ. ಮೂರು ಗಂಟೆ ಉರಿಸಿದರೆ ಎರಡು ಲೀಟರ್‌ಗೂ ಮೀರಿದ ನೀರು ಕೋಣೆಯ ಗಾಳಿಗೆ ಸೇರಿತು. ಆಗಸ್ಟಿನಲ್ಲಿ ಗೋಡೆ ಮೊದಲೇ ಬೆವರುತ್ತಿರುತ್ತದೆ, ಚಪ್ಪಲಿ, ಬೆಲ್ಟ್ ಎಲ್ಲ ಬೂಷ್ಟು ಹಿಡಿದಿರುತ್ತವೆ. ಒಣಗಲಿ ಅಂತ ಹಚ್ಚಿದ ಬೆಂಕಿ ತೇವವನ್ನೇ ಹೆಚ್ಚಿಸಿದರೆ ಏನು ಪ್ರಯೋಜನ? ಈಗಾಗಲೇ ಇದ್ದರೆ ಮಲಗುವ ಕೋಣೆಯಲ್ಲಂತೂ ಉರಿಸಬೇಡಿ. ಹಾಲ್‌ನಲ್ಲಿ ಉರಿಸುವಾಗ ಕಿಟಕಿ ಸ್ವಲ್ಪ ತೆರೆದಿಡಿ, ಒಂದೆರಡು ಗಂಟೆಗೆ ಆರಿಸಿ. ಅಂಥ ಸೆಟ್‌ಗಳಲ್ಲಿ ಆಮ್ಲಜನಕ ಸುಮಾರು 18 ಶೇಕಡಾಕ್ಕೆ ಇಳಿದರೆ ತಾನೇ ಆರಿಸುವ ಸೆನ್ಸರ್ ಇರುತ್ತದೆ. ಪದೇ ಪದೇ ಆರುತ್ತದೆ ಅಂತ ಅದನ್ನು ಕಿತ್ತು ನೇರ ಲೈನ್ ಕೊಡುವ ಮೆಕ್ಯಾನಿಕ್‌ಗಳಿದ್ದಾರೆ. ಒಪ್ಪಬೇಡಿ. ಅದು ಆರುತ್ತಿದೆ ಅಂದರೆ ನಿಮಗೆ ಏನೋ ಹೇಳುತ್ತಿದೆ.

ಸಿಲಿಂಡರ್ ಮತ್ತು ಇಳಿಜಾರು

ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ನೆಲದ ಮೇಲೆ ಹರಡಿ ತಗ್ಗಿಗೆ ಇಳಿಯುತ್ತದೆ. ಬಯಲು ಸೀಮೆಯ ಮನೆಗೂ ನಮ್ಮ ಮನೆಗೂ ಇರುವ ವ್ಯತ್ಯಾಸ ಇಲ್ಲೇ. ನಮ್ಮಲ್ಲಿ ಗುಡ್ಡ ಕಡಿದು ಮನೆ ಕಟ್ಟುತ್ತೇವೆ. ಮುಂದಿನಿಂದ ಒಂದು ಮಹಡಿ, ಹಿಂದಿನಿಂದ ಎರಡು. ಮೇಲಿನ ಹಾಲ್‌ನಲ್ಲಿ ಸೋರಿದ ಗ್ಯಾಸ್ ಮೆಟ್ಟಿಲಿಳಿದು ಕೆಳಗಿನ ಸ್ಟೋರ್‌ನಲ್ಲಿ, ಕೆಲಸದವರು ಮಲಗುವ ಕೋಣೆಯಲ್ಲಿ ಸೇರಿಕೊಳ್ಳಬಹುದು. ಗಾಳಿಯಲ್ಲಿ ಕೇವಲ ಶೇಕಡಾ 2ರಷ್ಟು ಸೇರಿದರೂ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಸಿಲಿಂಡರ್ ಮನೆಯ ಹೊರಗೆ, ನೆಲಮಟ್ಟಕ್ಕಿಂತ ಮೇಲೆ, ಗಾಳಿ ಆಡುವ ಕಡೆ, ನೆಟ್ಟಗೆ ನಿಂತಿರಬೇಕು. ಹತ್ತಿರ ಚರಂಡಿ ಬಾಯಿ, ನೆಲಮಾಳಿಗೆ ಕಿಂಡಿ ಇರಬಾರದು. ಮಳೆಗೆ ತಗಡಿನ ಮರೆ ಮಾಡಿ, ಆದರೆ ನಾಲ್ಕೂ ಕಡೆ ಮುಚ್ಚಿ ಪೆಟ್ಟಿಗೆ ಮಾಡಬೇಡಿ.

ಸಿಲಿಂಡರ್ ಕೊರಳ ಪಟ್ಟಿಯ ಮೇಲೆ ಒಂದು ಅಕ್ಷರ, ಎರಡು ಅಂಕಿ ಬರೆದಿರುತ್ತದೆ. ಎ ಅಂದರೆ ಜನವರಿಯಿಂದ ಮಾರ್ಚ್, ಬಿ ಏಪ್ರಿಲ್‌ನಿಂದ ಜೂನ್, ಸಿ ಜುಲೈನಿಂದ ಸೆಪ್ಟೆಂಬರ್, ಡಿ ಅಕ್ಟೋಬರ್‌ನಿಂದ ಡಿಸೆಂಬರ್. ಅಂಕಿ ಇಸವಿ. ಸಿಲಿಂಡರಿನ ಮುಂದಿನ ಪರೀಕ್ಷೆಗೆ ಇರುವ ಗಡುವು ಅದು. ಆ ಅವಧಿ ಮುಗಿದ ಸಿಲಿಂಡರ್ ಬಂದರೆ ವಾಪಸ್ ಕಳಿಸಿ. ರಬ್ಬರ್ ಹೋಸ್ ಬಳಕೆಯ ಅವಧಿ ಸಾಮಾನ್ಯವಾಗಿ ಐದು ವರ್ಷ, ಅದರ ಮೇಲೇ ಅಚ್ಚಾಗಿರುತ್ತದೆ. ಇಲಿ, ಹೆಗ್ಗಣ ಕಡಿದ ಗುರುತಿದ್ದರೆ ಐದು ದಿನವೂ ಬೇಡ. ರಬ್ಬರ್ ಹೋಸ್ ಸಿಲಿಂಡರಿನಿಂದ ಗೋಡೆಯ ಪೈಪಿನವರೆಗೆ ಮಾತ್ರ. ಬೆಂಕಿಯ ಹತ್ತಿರ ತಾಮ್ರದ್ದೋ ಕಬ್ಬಿಣದ್ದೋ ಪೈಪೇ ಇರಬೇಕು.

ಗ್ಯಾಸ್ ಖರ್ಚಿನ ಬಗ್ಗೆ ಒಂದು ಮಾತು. ಚಿಮಣಿಯ ದೊಡ್ಡ ಸೆಟ್‌ಗಳು 15, 20 ಕಿಲೋವ್ಯಾಟ್ ಇರುತ್ತವೆ. 18 ಕಿಲೋವ್ಯಾಟ್ ಅಂದುಕೊಂಡರೆ ಗಂಟೆಗೆ ಸುಮಾರು 1.4 ಕಿಲೋ. 19 ಕಿಲೋ ಸಿಲಿಂಡರ್ ಹದಿಮೂರು ಹದಿನಾಲ್ಕು ಗಂಟೆಗೆ ಖಾಲಿ. ವಾರಾಂತ್ಯ ಒಂದಕ್ಕೇ ಮುಗಿಯಿತು ಅನ್ನಿ. ಅಷ್ಟು ವೇಗವಾಗಿ ಎಳೆದರೆ ಸಿಲಿಂಡರ್ ತಣ್ಣಗಾಗಿ ಹೊರಗೆ ಮಂಜು ಕಟ್ಟುತ್ತದೆ, ಉರಿ ಕುಗ್ಗುತ್ತದೆ. ಆಗ ಬಿಸಿನೀರು ಸುರಿಯುವುದು, ಬಲ್ಬ್ ಇಡುವುದು, ಮಲಗಿಸಿ ಅಲ್ಲಾಡಿಸುವುದು ಯಾವುದೂ ಬೇಡ. ಉರಿ ಸಣ್ಣ ಮಾಡಿ, ಇಲ್ಲವೇ ಏಜೆನ್ಸಿಯವರಿಂದ ಎರಡು ಸಿಲಿಂಡರ್ ಒಟ್ಟಿಗೆ ಜೋಡಿಸುವ ವ್ಯವಸ್ಥೆ ಮಾಡಿಸಿಕೊಳ್ಳಿ. ಮನೆಬಳಕೆಯ 14.2 ಕಿಲೋ ಸಿಲಿಂಡರನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ ಅನ್ನುವುದು ಹೋಂಸ್ಟೇ ನಡೆಸುವವರಿಗೆ ಗೊತ್ತಿರಲಿ.

ಚಿಮಣಿ ಎಳೆಯುತ್ತದಾ?

ಹಳೇ ಬಂಗಲೆಯ ಚಿಮಣಿ ಅಂದರೆ ಹಕ್ಕಿಗೂಡು, ಜೇಡರ ಬಲೆ, ಒಳಗೆ ಉದುರಿದ ಗಾರೆ. ಮಳೆಗಾಲ ಮುಗಿದ ಮೇಲೆ ಯಾರನ್ನಾದರೂ ಹತ್ತಿಸಿ ನೋಡಿಸಿ. ಮೇಲೆ ಮಳೆ ಟೋಪಿಯೂ ಹಕ್ಕಿ ಬರದಂತೆ ಜಾಲರಿಯೂ ಇರಲಿ. ಜಾಲರಿ ಕಣ್ಣು ತೀರಾ ಸಣ್ಣದಾದರೆ ಕಸ ಕಟ್ಟಿಕೊಂಡು ಅದೇ ಅಡ್ಡಿಯಾಗುತ್ತದೆ.

ಚಿಮಣಿಯ ಗಂಟಲಲ್ಲಿ ಕಬ್ಬಿಣದ ಮುಚ್ಚಳ ಇರುತ್ತದೆ, ಡ್ಯಾಂಪರ್. ಗ್ಯಾಸ್ ಸೆಟ್ ಕೂರಿಸಿದ ಮೇಲೆ ಅದು ಪೂರ್ತಿ ಮುಚ್ಚದಂತೆ ಒಂದು ಕ್ಲಾಂಪ್ ಹಾಕಿಸಲೇಬೇಕು. ಸಣ್ಣ ಕಬ್ಬಿಣದ ತುಂಡು, ಕೆಲಸ ದೊಡ್ಡದು. ಮಂಜು ಇಳಿದ ಸಂಜೆ ಚಿಮಣಿಯಿಂದ ತಣ್ಣನೆ ಗಾಳಿ ಬೀಸುತ್ತದೆ ಅಂತ ಯಾರೋ ಡ್ಯಾಂಪರ್ ಎಳೆದು ಮುಚ್ಚುತ್ತಾರೆ, ಮರುದಿನ ಬೇರೆ ಯಾರೋ ಅದನ್ನು ನೋಡದೆ ಬೆಂಕಿ ಹಚ್ಚುತ್ತಾರೆ. ಸೌದೆಯಾದರೆ ಹೊಗೆ ತುಂಬಿ ಎಲ್ಲರೂ ಕೆಮ್ಮುತ್ತಾ ಹೊರಗೆ ಓಡುತ್ತಿದ್ದರು. ಗ್ಯಾಸಿನಲ್ಲಿ ಹೊಗೆ ಕಾಣುವುದಿಲ್ಲ, ಕೆಮ್ಮು ಬರುವುದಿಲ್ಲ. ಸೌದೆ ಕೊಡುತ್ತಿದ್ದ ಎಚ್ಚರಿಕೆ ಗ್ಯಾಸ್ ಕೊಡುವುದಿಲ್ಲ, ಅಷ್ಟೇ ವ್ಯತ್ಯಾಸ.

ಎಳೆತ ಪರೀಕ್ಷೆ ಸುಲಭ. ಬೆಂಕಿ ಹಚ್ಚಿ ಹತ್ತು ನಿಮಿಷ ಬಿಡಿ. ಬಾಗಿಲು ಕಿಟಕಿ ಹಾಕಿ, ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಹಾಕಿ. ಈಗ ಒಂದು ಊದುಬತ್ತಿ ಹಚ್ಚಿ ಫೈರ್‌ಪ್ಲೇಸ್ ಬಾಯಿಯ ಮೇಲಂಚಿನ ಉದ್ದಕ್ಕೂ ಹಿಡಿಯಿರಿ. ಹೊಗೆ ಒಳಕ್ಕೆ ಹೋದರೆ ಸರಿ. ಕೋಣೆ ಕಡೆ ತಿರುಗಿದರೆ ಆರಿಸಿ, ಕಿಟಕಿ ತೆರೆಯಿರಿ, ಕಾರಣ ಸಿಗುವವರೆಗೆ ಹಚ್ಚಬೇಡಿ. ಎಕ್ಸಾಸ್ಟ್ ಫ್ಯಾನ್ ಹಾಕಿ ನೋಡುವುದು ಯಾಕೆಂದರೆ ಎಷ್ಟೋ ಮನೆಗಳಲ್ಲಿ ಅದೇ ಚಿಮಣಿಯ ಗಾಳಿಯನ್ನು ವಾಪಸ್ ಎಳೆಯುವುದು. ಹೋಂಸ್ಟೇಯಲ್ಲಿ ರಾತ್ರಿ ಊಟಕ್ಕೆ ಪಂದಿ ಬೇಯುವ ಹೊತ್ತಿಗೇ ಹಾಲ್‌ನಲ್ಲಿ ಬೆಂಕಿ ಉರಿಯುವುದಲ್ವಾ?

ಬಿಚ್ಚಿ ಒರೆಸುವುದು

ರಾತ್ರಿ ಉರಿಸಿದ್ದರೆ ಬೆಳಿಗ್ಗೆ ಕೈ ಹಾಕಿ. ಸೆರಾಮಿಕ್ ಒಳಗೆ ಬಿಸಿ ತುಂಬಾ ಹೊತ್ತು ಕೂತಿರುತ್ತದೆ. ಪೈಲಟ್ (ಬರ್ನರ್ ಹೊತ್ತಿಸಲು ಪಕ್ಕದಲ್ಲೇ ಉರಿಯುವ ಪುಟ್ಟ ಜ್ವಾಲೆ) ಆರಿಸಿ, ಸೆಟ್ಟಿನ ವಾಲ್ವ್ ಮುಚ್ಚಿ, ಹೊರಗಿನ ಸಿಲಿಂಡರ್ ಕೂಡ ಮುಚ್ಚಿ. ಆಮೇಲೆ ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ: ಎದುರಿನಿಂದ, ಮೇಲಿನಿಂದ, ಎರಡೂ ಬದಿಯಿಂದ. ಒಂದೊಂದು ಕೊರಡು ಎತ್ತಿದಾಗಲೂ ಇನ್ನೊಂದು ಫೋಟೋ.

ಕೊರಡುಗಳನ್ನು ಎರಡೂ ಕೈಯಲ್ಲಿ ಎತ್ತಿ ಹಳೇ ಪೇಪರ್ ಮೇಲಿಡಿ. ಫೈಬರಿನ ಹಗುರ ಕೊರಡಾದರೆ ಮೂಗಿಗೆ ಒಳ್ಳೆ ಮಾಸ್ಕ್ ಕಟ್ಟಿಕೊಳ್ಳಿ, ಕೈಗವಸು ಹಾಕಿಕೊಳ್ಳಿ. ಅದರ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಕೆಲಸ ಹೊರಗೆ ಜಗಲಿಯಲ್ಲಿ ಮಾಡಿ. ಮೆತ್ತನೆ ಪೇಂಟ್ ಬ್ರಶ್ ಸಾಕು. ನೀರು, ಸೋಪು, ತಂತಿ ಬ್ರಶ್ ಬೇಡ. ಊದುಗೊಳವೆಯಲ್ಲಿ ಊದುವುದೂ ಬೇಡ. ನೀರು ಕುಡಿದ ಕೊರಡನ್ನು ಕಾಯಿಸಿದರೆ ಒಡೆಯುತ್ತದೆ. ಬಣ್ಣ ಮಾಸಿದೆ ಅಂತ ಅಂಗಡಿ ಪೇಂಟ್ ಬಳಿಯಬೇಡಿ. ಮೇಲ್ಮೈಯಲ್ಲಿ ಕೂದಲೆಳೆಯಂಥ ಬಿರುಕು ಪರವಾಗಿಲ್ಲ. ತುಂಡಾದರೆ ಎಂ-ಸೀಲ್ ಹಾಕಿ ಅಂಟಿಸದೆ ಅದೇ ಕಂಪನಿಯ ಅದೇ ನಂಬರಿನ ಕೊರಡು ತರಿಸಿ.

ಬರ್ನರ್‌ನಲ್ಲಿ ನೋಡಬೇಕಾದ್ದು ಗಾಳಿ ಸೇರುವ ಬಾಯಿ. ಜೇಡಗಳಿಗೆ ಗ್ಯಾಸ್ ಕೊಳವೆ ಯಾಕೋ ಇಷ್ಟ. ನಮ್ಮಲ್ಲಿ ಕುಂಬಾರ ಹುಳು ಬೇರೆ, ಕಂಡ ಕಂಡ ತೂತಿಗೆಲ್ಲ ಮಣ್ಣು ಮೆತ್ತುತ್ತದೆ. ಅರ್ಧ ಮುಚ್ಚಿದ ಕೊಳವೆಯಲ್ಲಿ ಗಾಳಿ ಸಾಲದೆ ಉರಿ ಮಂಕಾಗಿ ಮಸಿ ಕಾರುತ್ತದೆ, ಕೆಲವೊಮ್ಮೆ ಉರಿ ಹಿಂದಕ್ಕೂ ಬರುತ್ತದೆ. ಹೊರಗೆ ಕಾಣುವಷ್ಟನ್ನು ಬ್ರಶ್‌ನಿಂದ ತೆಗೆಯಿರಿ. ಜೆಟ್ಟಿನ ತೂತಿಗೆ ಮಾತ್ರ ಸೂಜಿ, ಪಿನ್ ಹಾಕಬೇಡಿ. ಅದು ಹಿತ್ತಾಳೆ, ಸುಲಭವಾಗಿ ಅಗಲವಾಗುತ್ತದೆ. ಆಮೇಲೆ ಯಾವತ್ತೂ ಗ್ಯಾಸ್ ಜಾಸ್ತಿಯೇ.

ಮತ್ತೆ ಜೋಡಿಸುವುದು

ಮೊದಲು ಹರಳು. ಎಲ್‌ಪಿಜಿ ಸೆಟ್‌ಗಳಿಗೆ ಸಾಮಾನ್ಯವಾಗಿ ವರ್ಮಿಕ್ಯುಲೈಟ್ ಎಂಬ ಹಗುರ ಹರಳನ್ನೋ ಲಾವಾ ಕಲ್ಲಿನ ಪುಡಿಯನ್ನೋ ಕೊಟ್ಟಿರುತ್ತಾರೆ. ಮರಳು ನ್ಯಾಚುರಲ್ ಗ್ಯಾಸಿನ ಸೆಟ್‌ಗೆ ಬಳಸುವುದು, ಎಲ್‌ಪಿಜಿಗಲ್ಲ. ಕೈಪಿಡಿ ಹೇಳಿದ ದಪ್ಪಕ್ಕೇ ಹರಡಿ, ಮಟ್ಟಸವಾಗಿ. ತುಂಬಾ ದಪ್ಪವಾದರೆ ಗ್ಯಾಸ್ ಅಡಿಯಲ್ಲಿ ನಿಂತು, ತಡವಾಗಿ ಧಬ್ ಎಂದು ಹೊತ್ತಿಕೊಳ್ಳುತ್ತದೆ. ತೆಳ್ಳಗಾದರೆ ಒಂದೇ ಕಡೆ ನುಗ್ಗುತ್ತದೆ. ಹರಳು ಕಾಲಕ್ರಮೇಣ ಪುಡಿಯಾಗಿ ಒತ್ತಿಕೊಳ್ಳುವುದರಿಂದ ಆಗಾಗ ಬದಲಾಯಿಸಬೇಕು.

ಅಂದಕ್ಕೆ ಅಂತ ಹಾರಂಗಿ ಹೊಳೆಯ ನುಣುಪು ಕಲ್ಲು ತಂದು ಸುತ್ತ ಇಡುವ ಆಸೆ ಬರಬಹುದು. ಬೇಡವೇ ಬೇಡ. ಹೊಳೆ ಕಲ್ಲಿನೊಳಗೆ ನೀರಿನ ಪಸೆ ಇರುತ್ತದೆ. ಕಾದಾಗ ಆವಿಯಾಗಿ ಕಲ್ಲು ಸಿಡಿಯುತ್ತದೆ. ಒಣಗಿದ ಕಾಫಿ ಬೇರು, ಪೈನ್ ಕಾಯಿ, ತೆಂಗಿನ ಚಿಪ್ಪು ಕೂಡ ಆ ಜಾಗಕ್ಕೆ ಅಲ್ಲ.

ಕೆಂಡದಂತೆ ಹೊಳೆಯುವ ನಾರು ಕೊಟ್ಟಿದ್ದರೆ ಬೆರಳ ತುದಿಯಷ್ಟು ಸಣ್ಣ ಚೂರು ಮಾಡಿ, ಹತ್ತಿಯ ಹಾಗೆ ಬಿಡಿಸಿ, ಅಲ್ಲೊಂದು ಇಲ್ಲೊಂದು ಇಡಿ. ಜಾಸ್ತಿ ಇಟ್ಟರೆ ಜಾಸ್ತಿ ಕೆಂಪಾಗುತ್ತದೆ ಅಂದುಕೊಳ್ಳುವುದು ಸಹಜ. ಆಗುವುದು ಉಲ್ಟಾ. ದಪ್ಪ ಮುದ್ದೆ ಉರಿಯನ್ನು ತಣ್ಣಗೆ ಮಾಡಿ ಮಸಿ ತರುತ್ತದೆ. ಪೈಲಟ್ ಹತ್ತಿರ ಒಂದು ಚೂರೂ ಬೀಳಬಾರದು.

ಈಗ ಕೊರಡು. ಕೆಳಗೆ ನಂಬರ್ ಇರುತ್ತದೆ, ಕೆಲವಕ್ಕೆ ಜಾಲರಿಯ ಮೊಳೆಗೆ ಕೂರುವ ಕುಳಿ ಇರುತ್ತದೆ. ಮೊದಲು ಹಿಂದಿನ ದೊಡ್ಡ ಕೊರಡು, ಆಮೇಲೆ ಮುಂದಿನದು, ಕೊನೆಗೆ ಇವೆರಡರ ಮೇಲೆ ಅಡ್ಡಲಾಗಿ ಸಣ್ಣವು. ಅಡ್ಡ ಕೊರಡಿನ ಎರಡೂ ತುದಿ ಗಟ್ಟಿಯಾಗಿ ಕೂತಿವೆಯಾ ಅಂತ ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ಜಾರಿ ಬಿದ್ದ ಕೊರಡು ಬರ್ನರ್ ಮೇಲೆ ಮಲಗಿ ಉರಿಯನ್ನೇ ಮುಚ್ಚಿಬಿಡಬಹುದು.

ಇಡುವಾಗ ನೋಡಬೇಕಾದ್ದು ಕೊರಡನ್ನಲ್ಲ, ಕೊರಡುಗಳ ನಡುವಿನ ಖಾಲಿ ಜಾಗವನ್ನು. ಉರಿ ಏಳುವುದು ಅಲ್ಲಿಂದ. ಉರಿಯ ದಾರಿಗೆ ಕೊರಡು ನೇರ ಅಡ್ಡ ಬಂದರೆ, ಅದರ ತಣ್ಣನೆ ಮೈಗೆ ತಾಗಿ ಗ್ಯಾಸ್ ಪೂರ್ತಿ ಉರಿಯದೆ ಉಳಿಯುತ್ತದೆ. ತಾಗಿದ ಜಾಗ ಕಪ್ಪಾಗುತ್ತದೆ. ಆದ್ದರಿಂದ ಅಂಗಳದಲ್ಲಿ ಕ್ಯಾಂಪ್‌ಫೈರ್‌ಗೆ ಸೌದೆ ಒಟ್ಟುವ ಹಾಗೆ ಒತ್ತೊತ್ತಾಗಿ ಪೇರಿಸಬೇಡಿ. ಇನ್ನೊಂದು ಸೆಟ್ಟಿನ ಕೊರಡು ತಂದು ಸೇರಿಸಬೇಡಿ. ಎರಡು ಕೊರಡು ಜಾಗ ಬದಲಾಯಿಸಿದರೆ ಚೆನ್ನಾಗಿ ಕಾಣುತ್ತದೆ ಅನ್ನಿಸಿದರೂ ಬೇಡ. ಕಂಪನಿಯವರು ಆ ಜಾಗ ಪರೀಕ್ಷೆ ಮಾಡಿಯೇ ಗೊತ್ತು ಮಾಡಿರುತ್ತಾರೆ. ಚೆನ್ನಾಗಿ ಕಾಣಬೇಕಾದರೆ ಸುತ್ತಲಿನ ಗೋಡೆ, ಕಲ್ಲಿನ ಕಟ್ಟೆ ನಿಮ್ಮ ಕೈಯಲ್ಲಿದೆ, ಅಲ್ಲಿ ಅಲಂಕಾರ ಮಾಡಿ.

ಪೈಲಟ್ ಜ್ವಾಲೆ, ಅದರ ಪಕ್ಕದ ಪೆನ್ಸಿಲ್ ತುದಿಯಂಥ ಲೋಹದ ಕಡ್ಡಿ ಎರಡೂ ಬಯಲಾಗಿ ಕಾಣಬೇಕು. ಆ ಕಡ್ಡಿ ಥರ್ಮೋಕಪಲ್. ಪೈಲಟ್ ಅದನ್ನು ಬಿಸಿಯಾಗಿಟ್ಟಿರುವಷ್ಟು ಹೊತ್ತು ಅದರಿಂದ ಚೂರು ವಿದ್ಯುತ್ ಹುಟ್ಟಿ ವಾಲ್ವ್ ತೆರೆದಿರುತ್ತದೆ. ಪೈಲಟ್ ಆರಿದರೆ ಕಡ್ಡಿ ತಣ್ಣಗಾಗಿ ವಾಲ್ವ್ ತಾನೇ ಮುಚ್ಚುತ್ತದೆ. ಇದಕ್ಕೆ ಕರೆಂಟ್ ಬೇಡ, ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋದರೂ ಕೆಲಸ ಮಾಡುತ್ತದೆ. ಇಂಥ ರಕ್ಷಣೆ ಇಲ್ಲದ, ಬರೀ ಕೊಳವೆಗೆ ತೂತು ಕೊರೆದು ಮಾಡಿದ ಲೋಕಲ್ ಬರ್ನರ್ ಆದರೆ ಬದಲಾಯಿಸಿ. ಅದನ್ನು ರಿಪೇರಿ ಮಾಡಿ ಸುರಕ್ಷಿತ ಮಾಡಲು ಬರುವುದಿಲ್ಲ.

ಹಚ್ಚುವ ಕ್ರಮ

1. ಡ್ಯಾಂಪರ್ ತೆರೆದಿದೆಯಾ ಕಣ್ಣಾರೆ ನೋಡಿ. ಗಾಜಿನ ಬಾಗಿಲಿದ್ದರೆ ಪೂರ್ತಿ ತೆರೆಯಿರಿ.
2. ಸಿಲಿಂಡರ್ ತೆರೆದು, ಜಾಯಿಂಟ್‌ಗಳಿಗೆ ಸೋಪಿನ ನೊರೆ ಹಚ್ಚಿ. ಗುಳ್ಳೆ ಎದ್ದರೆ ಸೋರಿಕೆ. ಬೆಂಕಿಕಡ್ಡಿ ಗೀರಿ ಸೋರಿಕೆ ಹುಡುಕುವ ಹಳೇ ಚಾಳಿ ಬಿಡಿ.
3. ಮಂಡಿಯೂರಿ ನೆಲದ ಹತ್ತಿರ ಮೂಸಿ. ನಿಂತಲ್ಲಿ ವಾಸನೆ ಬರಲಿಲ್ಲ ಅಂದರೆ ಸಾಲದು.
4. ನಾಬ್ ಪೈಲಟ್‌ಗೆ ತಿರುಗಿಸಿ, ಒತ್ತಿ ಹಿಡಿದು ಕಿಡಿ ಕೊಡಿ. ಹೊತ್ತಿದ ಮೇಲೂ ಅರ್ಧದಿಂದ ಒಂದು ನಿಮಿಷ ಒತ್ತಿಯೇ ಇರಿ.
5. ಪೈಲಟ್ ನಿಂತರೆ ಮಾತ್ರ ಬರ್ನರ್‌ಗೆ ತಿರುಗಿಸಿ. ಮುಖ ದೂರ ಇರಲಿ.
6. ಹೊತ್ತಲಿಲ್ಲವಾ? ಪೂರ್ತಿ ಮುಚ್ಚಿ, ಕಿಟಕಿ ತೆರೆದು ಐದು ನಿಮಿಷ ಕಾಯಿರಿ. ಮತ್ತೆ ಮೂಸಿ, ಆಮೇಲೆ ಹಚ್ಚಿ. ಸುಮ್ನೆ ಮೇಲಿಂದ ಮೇಲೆ ಕಿಡಿ ಕೊಡಬೇಡಿ.

ಉರಿ ಓದುವುದು

ಅಡುಗೆ ಒಲೆಯಲ್ಲಿ ನೀಲಿ ಉರಿ ಒಳ್ಳೆಯದು, ಹಳದಿ ಬಂದರೆ ರಿಪೇರಿ. ಇಲ್ಲಿ ಹಳದಿ ಉರಿಯೇ ಬೇಕೆಂದು ಮಾಡಿದ್ದು, ಅದಕ್ಕೇ ಜನ ಮೋಸಹೋಗುವುದು. ಹಾಗಾದರೆ ಕೆಟ್ಟದ್ದನ್ನು ಗುರುತಿಸುವುದು ಹೇಗೆ? ಉರಿಯ ತುದಿ ನೋಡಿ. ತುದಿ ತಿಳಿಯಾಗಿ ಮಾಯವಾದರೆ ಸರಿ. ತುದಿಯಲ್ಲಿ ಕಪ್ಪು ಎಳೆ ಅಲ್ಲಾಡಿದರೆ ಸರಿಯಿಲ್ಲ. ಕಾಲು ಗಂಟೆ ಉರಿದ ಮೇಲೆ ಉರಿ ಒಂದು ಸ್ಥಿತಿಗೆ ಬರುತ್ತದೆ, ಆಗ ನೋಡಿ. ಕೊರಡಿನ ಮೇಲೆ ಸಣ್ಣ ಕಪ್ಪು ಕಲೆ ಬರಬಹುದು, ಮಸಿ ಪದರ ಕಟ್ಟಬಾರದು. ಹಿಂಬದಿ ಗೋಡೆ, ಮೇಲಿನ ಛಾವಣಿ, ಪರದೆ ಅಂಚು ಕಪ್ಪಾಗುತ್ತಿದ್ದರೆ ಒರೆಸಿ ಸುಮ್ಮನಾಗಬೇಡಿ. ಆ ಮಸಿ ಬಂದ ದಾರಿಯಲ್ಲೇ ವಿಷಗಾಳಿಯೂ ಬಂದಿದೆ.

ಮೊದಲ ಸಲ ಹಚ್ಚಿದಾಗ ಹೊಸ ಕೊರಡಿನಿಂದ ಬಣ್ಣ ಸುಟ್ಟ ವಾಸನೆ ಬರುತ್ತದೆ. ಕಿಟಕಿ ತೆರೆದು ಒಂದೆರಡು ಗಂಟೆ ಉರಿಸಿದರೆ ಹೋಗುತ್ತದೆ.

ಕೋಣೆ

ನಮ್ಮೂರಿನ ದೊಡ್ಡ ಅಪಾಯ ಒದ್ದೆ ಬಟ್ಟೆ. ಒಂದು ವಾರ ಬಿಸಿಲಿಲ್ಲದಾಗ ಬೆಂಕಿ ಕಂಡರೆ ಸಾಕು, ಜರ್ಕಿನ್, ಸಾಕ್ಸ್, ಮಗುವಿನ ಸ್ವೆಟರ್ ಎಲ್ಲ ಮುಂದಿನ ಜಾಲರಿ ಮೇಲೆ ಹರಡುತ್ತವೆ. ತಡಿಯಂಡಮೋಳ್ ಹತ್ತಿ ನೆನೆದು ಬಂದ ಅತಿಥಿ ಅಂತೂ ಕೇಳುವುದೇ ಇಲ್ಲ. ಹಾಲ್‌ನ ಇನ್ನೊಂದು ಮೂಲೆಯಲ್ಲಿ ಒಂದು ಬಟ್ಟೆ ಸ್ಟ್ಯಾಂಡ್ ಇಟ್ಟುಬಿಡಿ, ಹೇಳುವ ಕೆಲಸ ಅರ್ಧ ಕಡಿಮೆಯಾಗುತ್ತದೆ. ಬೆಂಕಿಯ ಎದುರು ಒಂದು ಮೀಟರ್ ಖಾಲಿ ಇರಲಿ. ಕಾರ್ಪೆಟ್, ಬೆತ್ತದ ಕುರ್ಚಿ, ಕಂಬಳಿ, ಸೊಳ್ಳೆ ಸ್ಪ್ರೇ ಡಬ್ಬಿ ಯಾವುದೂ ಅದರೊಳಗೆ ಬೇಡ. ಮೇಲೆ ಬೀಟೆ ಹಲಗೆಯ ಕಪಾಟು ಮಾಡಿಸಿದ್ದರೆ ಅರ್ಧ ಗಂಟೆ ಉರಿಸಿ ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಬಿಸಿಯಾದರೆ ಹಲಗೆ ತೆಗೆಸಿ ಕಲ್ಲು ಹಾಕಿಸಿ.

ಅಲಾರಂ ಎರಡು ಬೇಕು, ಎರಡೂ ಬೇರೆ ಬೇರೆ ಕೆಲಸಕ್ಕೆ. ಗ್ಯಾಸ್ ಸೋರಿಕೆಯದ್ದು ನೆಲದಿಂದ ಸುಮಾರು 30 ಸೆಂಟಿಮೀಟರ್ ಎತ್ತರದಲ್ಲಿ. ಕಾರ್ಬನ್ ಮಾನಾಕ್ಸೈಡಿನದ್ದು ಅದರ ಕೈಪಿಡಿ ಹೇಳುವ ಎತ್ತರದಲ್ಲಿ, ಬೆಂಕಿಯಿಂದ ಒಂದರಿಂದ ಮೂರು ಮೀಟರ್ ದೂರದಲ್ಲಿ. ಮಲಗುವ ಕೋಣೆಗಳ ಹತ್ತಿರವೂ ಇನ್ನೊಂದಿದ್ದರೆ ಒಳ್ಳೆಯದು. ತಿಂಗಳಿಗೊಮ್ಮೆ ಬಟನ್ ಒತ್ತಿ ನೋಡಿ. ಅವಕ್ಕೂ ಆಯಸ್ಸಿದೆ, ಹಿಂಬದಿಯಲ್ಲಿ ಬರೆದಿರುತ್ತದೆ.

ವಾಸನೆ ಬಂದರೆ, ತಲೆನೋವು ಬಂದರೆ

ಇವೆರಡು ಬೇರೆ ಬೇರೆ ಅಪಾಯ. ಗ್ಯಾಸ್ ವಾಸನೆ ಬಂದರೆ ಸ್ವಿಚ್ ಹಾಕಲೂ ಬೇಡಿ, ಆರಿಸಲೂ ಬೇಡಿ. ಬಾಗಿಲು ತೆರೆದು ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋಗಿ. ಕೆಳಗಿನ ಮಹಡಿಯವರನ್ನು ಮರೆಯಬೇಡಿ. ಅವರೂ ಮೆಟ್ಟಿಲ ಮೇಲೆ ಬರದೆ ತಮ್ಮ ಕಡೆಯ ಬಾಗಿಲಿಂದ ಹೊರಗೆ ಹೋಗಲಿ. ಹೊರಗಿನಿಂದ ಸಿಲಿಂಡರ್ ಮುಚ್ಚಿ. ಫೋನ್ ಮಾಡುವುದು ಅಂಗಳ ದಾಟಿದ ಮೇಲೆ. ಎಲ್‌ಪಿಜಿ ತುರ್ತು ನಂಬರ್ 1906. ಬೆಂಕಿ ಬಿದ್ದಿದ್ದರೆ 112.

ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ. ರಕ್ತಕ್ಕೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಲವಾಗಿ ಅಂಟಿಕೊಳ್ಳುತ್ತದೆ. ಗ್ಯಾಸ್ ಗೀಸರ್ ಇರುವ ಬಾತ್‌ರೂಮಿನಲ್ಲಿ ಜನ ಪ್ರಾಣ ಕಳೆದುಕೊಂಡ ಸುದ್ದಿ ಪತ್ರಿಕೆಯಲ್ಲಿ ಓದುತ್ತೇವಲ್ಲ, ಅದೇ ಇದು. ತಲೆನೋವು, ತಲೆಸುತ್ತು, ವಾಕರಿಕೆ, ತಡೆಯಲಾಗದ ನಿದ್ದೆ. ಮಡಿಕೇರಿ ಘಾಟಿ ತಿರುವು ಹತ್ತಿ ಬಂದವರು ಇದನ್ನು ಪ್ರಯಾಣದ ಸುಸ್ತು ಅಂದುಕೊಳ್ಳುತ್ತಾರೆ. ಒಂದೇ ಕೋಣೆಯಲ್ಲಿದ್ದ ಇಬ್ಬರು ಮೂವರಿಗೆ ಒಟ್ಟಿಗೆ ಹೀಗಾದರೆ ಯೋಚಿಸುತ್ತಾ ಕೂರಬೇಡಿ. ಮೊದಲು ಎಲ್ಲರೂ ಹೊರಗಿನ ಗಾಳಿಗೆ. ಆಮೇಲೆ 108. ಹೊರಗೆ ಬಂದ ಮೇಲೆ ಸರಿಯಾಯಿತು ಅನ್ನಿಸಿದರೂ ಆಸ್ಪತ್ರೆಗೆ ತೋರಿಸಿ.

ಮಳೆಗಾಲಕ್ಕೆ ಮುಚ್ಚುವಾಗ, ಮತ್ತೆ ತೆರೆಯುವಾಗ

ಮಳೆಗಾಲದಲ್ಲಿ ಉರಿಸದವರು ಸಿಲಿಂಡರ್ ಬಿಚ್ಚಿ ಟೋಪಿ ಹಾಕಿಡಿ. ಕೊರಡುಗಳನ್ನು ಪ್ಲಾಸ್ಟಿಕ್‌ನಲ್ಲಿ ಬಿಗಿಯಾಗಿ ಸುತ್ತಬೇಡಿ, ಒಳಗೇ ಬೆವರುತ್ತದೆ. ಅಕ್ಟೋಬರ್‌ನಲ್ಲಿ ತೆರೆಯುವಾಗ ಚಿಮಣಿ, ಕುಂಬಾರ ಹುಳು, ಹೋಸ್, ತುಕ್ಕು ಎಲ್ಲ ನೋಡಿ. ಪೈಲಟ್ ಒಂದನ್ನೇ ಒಂದಷ್ಟು ಹೊತ್ತು ಬಿಟ್ಟು, ಆಮೇಲೆ ಅರ್ಧ ಗಂಟೆ ಸಣ್ಣ ಉರಿಯಲ್ಲಿ ಕಾಯಿಸಿ. ತೇವ ನಿಧಾನವಾಗಿ ಹೋಗಲಿ. ಕಿಡಿ ಬರದಿದ್ದರೆ ಬಹುಪಾಲು ಕಾರಣ ತೇವವೇ. ಒಣ ಬಟ್ಟೆಯಲ್ಲಿ ಒರೆಸಿ ನೋಡಿ. ವರ್ಷಕ್ಕೊಮ್ಮೆ ತಿಳಿದವರಿಂದ ಗ್ಯಾಸಿನ ಒತ್ತಡ, ಜೆಟ್, ಥರ್ಮೋಕಪಲ್ ಪರೀಕ್ಷೆ ಮಾಡಿಸಿ. ಡಿಸೆಂಬರ್ ರಜೆಯ ಹೊತ್ತಿಗೆ ಮೆಕ್ಯಾನಿಕ್ ಸಿಗುವುದಿಲ್ಲ, ಕಾವೇರಿ ಸಂಕ್ರಮಣದ ಆಸುಪಾಸಿಗೇ ಹೇಳಿಬಿಡಿ.

ಅತಿಥಿಗಳಿಗೆ ಒಂದು ಚೀಟಿ

ಹೋಂಸ್ಟೇ ಆದರೆ ಬೆಂಕಿ ಹಚ್ಚುವುದು, ಆರಿಸುವುದು ಮನೆಯವರದೇ ಕೆಲಸ ಆಗಿರಲಿ. ಮಲಗುವ ಮುಂಚೆ ನೀವೇ ಬಂದು ಆರಿಸಿ. ಪಕ್ಕದ ಗೋಡೆಯಲ್ಲಿ ದೊಡ್ಡ ಅಕ್ಷರದಲ್ಲಿ ಇಷ್ಟು ಬರೆದು ಅಂಟಿಸಿ:

ಇದು ಗ್ಯಾಸ್ ಬೆಂಕಿ, ಕೊರಡು ಮರದ್ದಲ್ಲ. ಕೆದಕಬೇಡಿ, ಏನನ್ನೂ ಎಸೆಯಬೇಡಿ. ಬಟ್ಟೆ ಒಣಗಿಸಲು ಸ್ಟ್ಯಾಂಡ್ ಮೂಲೆಯಲ್ಲಿದೆ. ಮಕ್ಕಳನ್ನು ಹತ್ತಿರ ಒಂಟಿಯಾಗಿ ಬಿಡಬೇಡಿ. ತೆರೆದಿಟ್ಟ ಕಿಟಕಿ ಮುಚ್ಚಬೇಡಿ, ಚಳಿಯಾದರೆ ಇನ್ನೊಂದು ಕಂಬಳಿ ಕೇಳಿ. ಆರಿದರೆ ಮತ್ತೆ ಹಚ್ಚಬೇಡಿ, ನಮ್ಮನ್ನು ಕರೆಯಿರಿ. ತಲೆ ಸುತ್ತಿದರೆ ಮೊದಲು ಹೊರಗೆ ಬನ್ನಿ, ಆಮೇಲೆ ಕರೆಯಿರಿ, ಎಷ್ಟು ಹೊತ್ತಾದರೂ ಸರಿ.